ಸಾಂಕ್ರಾಮಿಕದ ನಡುವೆ ಎದೆನೋವು, ಲಕ್ವಾ ಬಂದರೆ ಏನು ಮಾಡಬೇಕು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಆಸ್ಪತ್ರೆಗಳೆಲ್ಲ ತುಂಬಿ ಹೋಗುತ್ತವೆ ಎಂದು ನಾವೆಲ್ಲ ಹೆದರಿದ್ದೆವು. ಹೃದಯದ ವಿಭಾಗಗಳಲ್ಲಿ ಆಗಿದ್ದು ಉಲ್ಟಾ. ಇಟಲಿಯಲ್ಲಿ ಆ ತಿಂಗಳ ಒಂದು ವಾರದ ಲೆಕ್ಕ ತೆಗೆದರೆ, ಹೃದಯಾಘಾತವಾಗಿ ದಾಖಲಾದವರು ಹಿಂದಿನ ವರ್ಷದ ಅದೇ ವಾರದ ಅರ್ಧದಷ್ಟೇ ಇದ್ದರು. ದೊಡ್ಡ ಹೃದಯಾಘಾತವಾಗಿ ಬಂದವರಲ್ಲಿ ಸತ್ತವರ ಪ್ರಮಾಣ ಮಾತ್ರ ಮೂರು ಪಟ್ಟು ದಾಟಿತ್ತು. ಸೋಂಕಿಗೆ ಹೆದರಿ ಜನ ಮನೆಯಲ್ಲೇ ಕೂತರು, ಬಂದವರೂ ತಡವಾಗಿ ಬಂದರು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ತಡ ಇನ್ನೂ ದುಬಾರಿ. ದೊಡ್ಡ ಚಿಕಿತ್ಸೆ ಅಂದರೆ ಕಾರವಾರದವರು ಗೋವಾಕ್ಕೆ, ಹೊನ್ನಾವರ–ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡಬೇಕು. ಸೋಂಕಿನ ಹೊತ್ತಿನಲ್ಲಿ ಗೋವಾ ದಾರಿಯ ಮಾಜಾಳಿ ಗಡಿ ಬಂದ್ ಆದರೆ? ಹಾಗಾಗಿ ಮೊದಲ ಕೆಲಸ ಇವತ್ತೇ ಮಾಡಿ: ನಿಮ್ಮ ಮನೆಗೆ ಹತ್ತಿರ ಎದೆನೋವಿಗೆ ಬೇಕಾದ ಇ.ಸಿ.ಜಿ. ಎಲ್ಲಿದೆ, ಲಕ್ವಾಕ್ಕೆ ಬೇಕಾದ ಸಿ.ಟಿ. ಸ್ಕ್ಯಾನ್ ರಾತ್ರಿಯೂ ಮಾಡುವುದು ಎಲ್ಲಿ ಎಂದು ವಿಚಾರಿಸಿ ಬರೆದಿಡಿ. ಇವೆರಡೂ ಒಂದೇ ಕಡೆ ಇರಬೇಕೆಂದೇನಿಲ್ಲ.

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಡಿದರೆ, ತಣ್ಣನೆ ಬೆವರು ಬಂದರೆ, ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿಸುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಆಗಬಹುದು. 108ಕ್ಕೆ ಫೋನ್ ಮಾಡಿ. ಜ್ವರ, ಕೆಮ್ಮು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಆಗ ಸಿಬ್ಬಂದಿ ಪಿಪಿಇ ಕಿಟ್ ಹಾಕಿಕೊಂಡು ತಯಾರಾಗಿರುತ್ತಾರೆ, ಬಾಗಿಲಲ್ಲಿ ಹೊತ್ತು ಹಾಳಾಗುವುದಿಲ್ಲ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ರಕ್ತಸ್ರಾವ ಇಲ್ಲದವರಿಗೆ ಡಾಕ್ಟರು ಅಥವಾ 108ರವರು ಹೇಳಿದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಿಸಬಹುದು.

ಎಲ್ಲಿಗೆ ಹೋಗುವುದು ಎಂಬಲ್ಲೇ ಜಾಸ್ತಿ ಜನ ಎಡವುವುದು. ಬಲೂನ್ ಹಾಕಿ ರಕ್ತನಾಳ ತೆರೆಯುವುದೇ ಉತ್ತಮ ಚಿಕಿತ್ಸೆ ಹೌದು, ಆದರೆ ಎರಡು ಗಂಟೆಯೊಳಗೆ ಅದು ಸಿಗುವ ಹಾಗಿದ್ದರೆ ಮಾತ್ರ ಅದಕ್ಕೆ ಕಾಯಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ದಾರಿಯಲ್ಲಿ ಚೆಕ್‌ಪೋಸ್ಟ್ ಬೇರೆ ಇದ್ದರೆ ಕೇಳುವುದೇ ಬೇಡ. ಅದಕ್ಕೇ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ, ಇ.ಸಿ.ಜಿ. ಮಾಡಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದಾ ಎಂದು ಬಾಯಿಬಿಟ್ಟು ಕೇಳಿ. ಕೊರೊನಾ ಸಮಯದಲ್ಲಿ ಎಷ್ಟೋ ಕಡೆ ಬಲೂನಿಗೆ ಕಾಯದೆ ಇದನ್ನೇ ಮೊದಲು ಕೊಟ್ಟರು. ಈಗ ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದಾದ ಮೇಲೆ ದೊಡ್ಡ ಆಸ್ಪತ್ರೆಗೆ ಹೊರಡಿ.

ಲಕ್ವಾದ ಲೆಕ್ಕ ಬೇರೆ. ಬಾಯಿ ಸೊಟ್ಟಗಾಯಿತಾ, ಒಂದು ಕೈ ಜೋತು ಬೀಳುತ್ತಿದೆಯಾ, ಮಾತು ತೊದಲುತ್ತಿದೆಯಾ ನೋಡಿ. ಒಂದು ಕಂಡರೂ ಸಾಕು, ಸೀದಾ ಸಿ.ಟಿ. ಇರುವಲ್ಲಿಗೇ ಹೋಗಿ. ಮೆದುಳಿನ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಸ್ಕ್ಯಾನ್ ಮಾಡದೆ ತಿಳಿಯುವುದಿಲ್ಲ, ಒಡೆದಿದ್ದರೆ ಆಸ್ಪಿರಿನ್ ಕೊಡುವುದೇ ಅಪಾಯ. ಊಟ, ನೀರು, ಮಾತ್ರೆ ಏನೂ ಬೇಡ. ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆ ಮಾತ್ರ, ಅದೂ ರೋಗಿ ಸರಿಯಾಗಿದ್ದುದನ್ನು ಕೊನೆಗೆ ನೋಡಿದ ಹೊತ್ತಿನಿಂದ ಲೆಕ್ಕ. ಆ ಗಂಟೆ ಬರೆದುಕೊಂಡು ಹೋಗಿ. ನಮ್ಮ ಕಡೆ ಲಕ್ವಾ ಅಂದ ಕೂಡಲೇ ನಾಟಿ ಮದ್ದಿನ ನೆನಪಾಗುತ್ತದೆ, ಅಲ್ವಾ? ದಯವಿಟ್ಟು ಆ ಹೊತ್ತಿನಲ್ಲಿ ಬೇಡ.

ಕೊರೊನಾ ರಿಪೋರ್ಟ್ ಬಂದ ಮೇಲೆ ನೋಡೋಣ ಎಂದು ಯಾರಾದರೂ ಕೂರಿಸಿದರೆ ಸುಮ್ನೆ ಒಪ್ಪಬೇಡಿ. ಸ್ವ್ಯಾಬ್ ತೆಗೆದುಕೊಳ್ಳಲಿ, ಮಾಸ್ಕ್ ಹಾಕಿಸಲಿ, ಆದರೆ ಪಾಸಿಟಿವ್ ಇರಬಹುದೆಂದೇ ಭಾವಿಸಿ ಚಿಕಿತ್ಸೆ ಶುರು ಮಾಡಲಿ. ಕೊರೊನಾ ಬಂದವರಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಹಾಗಾಗಿ ಮನೆಯಲ್ಲೇ ಕ್ವಾರಂಟೈನ್ ಆಗಿರುವವರಿಗೂ ಇದೆಲ್ಲ ಅನ್ವಯಿಸುತ್ತದೆ, ಸೋಂಕು ಇದೆಯೆಂದು ಅವರೂ ಕಾಯಬಾರದು.

ಬಿ.ಪಿ., ಸಕ್ಕರೆ, ರಕ್ತ ತೆಳು ಮಾಡುವ ಮಾತ್ರೆಗಳನ್ನು ನಿಲ್ಲಿಸಬೇಡಿ. ಒಂದು ತಿಂಗಳಿನದು ಮನೆಯಲ್ಲಿ ಇರಲಿ, ಚೀಟಿಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.