ಕ್ಲಚ್ ಲಿವರ್ ಮೆತ್ತಗಾಗಿದ್ದರೆ ಮೊದಲು ಇದನ್ನು ಮಾಡಿ
ದೊಡ್ಡ ಟೂರಿಂಗ್ ಬೈಕಿನ ಹೈಡ್ರಾಲಿಕ್ (ಕೇಬಲ್ ಬದಲು ಎಣ್ಣೆಯ ಒತ್ತಡದಿಂದ ನಡೆಯುವ) ಕ್ಲಚ್ ಮೆತ್ತಗಾಗಿದೆಯಾ? ಎಣ್ಣೆ ಪೈಪಿನ ಗಾಳಿಯನ್ನೆಲ್ಲ ಹೊರತೆಗೆಯುವ ಪೂರ್ತಿ ಬ್ಲೀಡಿಂಗ್‌ಗೆ ಹೋಗುವ ಮುಂಚೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಎಣ್ಣೆ ಡಬ್ಬಿ ಸಮತಟ್ಟಾಗುವಂತೆ ಹ್ಯಾಂಡಲ್ ತಿರುಗಿಸಿ, ಮುಚ್ಚಳ ತೆಗೆದು, ಲಿವರನ್ನು ಸ್ವಲ್ಪ ಸ್ವಲ್ಪವೇ, ಮೆಲ್ಲಗೆ ಒತ್ತಿ ಬಿಡುತ್ತಾ ಇರಿ. ಪೈಪ್ ಸೇರುವ ಬೋಲ್ಟನ್ನು ಆಗಾಗ ತಟ್ಟಿ. ಗಾಳಿ ಮೇಲಕ್ಕೇ ಏರುತ್ತದಲ್ವಾ, ಲೈನಿನ ಎತ್ತರದ ತುದಿಯಲ್ಲಿ ಸಿಕ್ಕಿಕೊಂಡ ಗುಳ್ಳೆಗಳು ಡಬ್ಬಿಗೆ ಬಂದು ಒಡೆಯುತ್ತವೆ. ಪೂರ್ತಿ ಜೋರಾಗಿ ಒತ್ತಬೇಡಿ, ಎಣ್ಣೆ ಮುಖಕ್ಕೆ ಚಿಮ್ಮುತ್ತದೆ. ಹೆಚ್ಚಿನ ಬೈಕುಗಳ ಬ್ರೇಕ್, ಕ್ಲಚ್‌ಗೆ ಹಾಕುವ ಡಾಟ್ 4 ಎಣ್ಣೆ ಪೇಂಟ್ ತಿಂದುಬಿಡುತ್ತದೆ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ. ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಇದರಿಂದ ಪ್ರಯೋಜನವಿಲ್ಲ. ಸ್ಲೇವ್ ಸಿಲಿಂಡರಿನ (ಎಂಜಿನ್ ಬಳಿ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೀಲ್ ಸೋರುತ್ತಿರಬಹುದು, ಅಲ್ಲಿ ಒದ್ದೆ ಇದೆಯಾ ನೋಡಿ. ಎಣ್ಣೆ ಕಪ್ಪಾಗಿದ್ದರೂ ಅಷ್ಟೇ, ಹೊಸದು ಹಾಕಿಸಲೇಬೇಕು. ಡಾಟ್ 4 ತೇವ ಹೀರುತ್ತದೆ. ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಅರಬೈಲ್ ಘಾಟ್ ಇಳಿದು ಅಂಕೋಲಾ ಕಡೆ ಹೋಗಿ ಬರೋರು ಎರಡು ವರ್ಷಕ್ಕೊಮ್ಮೆ ಬದಲಿಸಿ. ಕೆಲವು ಬೈಕುಗಳಿಗೆ ಮಿನರಲ್ ಆಯಿಲ್ ಇರುತ್ತದೆ, ಅದಕ್ಕೆ ಡಾಟ್ 4 ಸೇರಿದರೆ ಸೀಲ್ ಹಾಳು. ಮುಚ್ಚಳದ ಮೇಲಿನ ಬರಹ ಓದಿಯೇ ಹಾಕಿ. ಇನ್ನೊಂದು ಮಾತು, ಡಬ್ಬಿಯನ್ನು ಗೆರೆ ಮೀರಿ ತುಂಬಿಸಬೇಡಿ. ಬ್ರೇಕಿನ ಹಾಗಲ್ಲ ಇದು, ಕ್ಲಚ್ ಪ್ಲೇಟ್ ಸವೆದಂತೆ ಎಣ್ಣೆಯ ಮಟ್ಟ ಏರುತ್ತದೆ.