ವಾಲಿದ ದೋಣಿಯೊಳಗಿನ ದಿನಚರಿ

ಹವ್ಯಾಸಿಗಳೇ ಸಿಬ್ಬಂದಿಯಾಗಿ ಹಾಯಿದೋಣಿಗಳಲ್ಲಿ ಹಂತಹಂತವಾಗಿ ಜಗತ್ತು ಸುತ್ತುವ ಕ್ಲಿಪ್ಪರ್ ರೇಸ್‌ನಲ್ಲಿ ಕೇಪ್‌ಟೌನಿನಿಂದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ವರೆಗಿನ ಹಂತಕ್ಕೆ 70 ಅಡಿಯ ಹಾಯಿದೋಣಿಯ ಸಿಬ್ಬಂದಿಯಾಗಿ ಹೋಗಿ ಬಂದ ನನ್ನನ್ನು ಮಲ್ಪೆಯಲ್ಲಿ ಎಲ್ಲರೂ ಕೇಳುವುದು ಅಲೆ ಎಷ್ಟೆತ್ತರ ಇತ್ತೆಂದು. ನನ್ನನ್ನು ಅಲೆಗಿಂತ ಹೆಚ್ಚು ಕಾಡಿದ್ದು ನಿದ್ದೆ, ಒದ್ದೆ ಬಟ್ಟೆ ಮತ್ತು ಅಡುಗೆಮನೆ.

ಸಿಬ್ಬಂದಿಯನ್ನು ಎರಡು ತಂಡ ಮಾಡಿ, ಹಗಲಿಗೆ ಆರಾರು ಗಂಟೆಯ ಎರಡು ಪಾಳಿ, ರಾತ್ರಿಗೆ ನಾಲ್ಕು ಗಂಟೆಯ ಮೂರು ಪಾಳಿ ಹಂಚಿದ್ದರು. ಪಾಳಿಗಳ ಸಂಖ್ಯೆ ಐದಾದ್ದರಿಂದ ನಡುರಾತ್ರಿಯ ಕಷ್ಟ ದಿನಬಿಟ್ಟು ದಿನ ಬದಲಾಗುತ್ತದೆ. ಈ ಲೆಕ್ಕಾಚಾರ ನನಗೆ ಬಹಳ ನ್ಯಾಯವೆನಿಸಿತು. ಆದರೆ ನಾಲ್ಕು ಗಂಟೆಯ ಬಿಡುವೆಂದರೆ ನಾಲ್ಕು ಗಂಟೆಯ ನಿದ್ದೆಯಲ್ಲ. ಓಲಾಡುವ ನೆಲದ ಮೇಲೆ ಥರ್ಮಲ್, ಉಣ್ಣೆ ಅಂಗಿ, ನೀರು ಒಳಬಿಡದ ಡ್ರೈಸೂಟ್, ಲೈಫ್ ಜಾಕೆಟ್ ಹಾಕಿಕೊಳ್ಳಲು ಹೊತ್ತು ಬೇಕಾಗುವುದರಿಂದ ಅರ್ಧ ಗಂಟೆ ಮೊದಲೇ ಎಬ್ಬಿಸುತ್ತಾರೆ, ಕಳಚಲು ಮತ್ತಷ್ಟು ಹೊತ್ತು. ಒಂದೇ ಮಂಚವನ್ನು ಇಬ್ಬರು ಸರದಿಯಲ್ಲಿ ಬಳಸುತ್ತಿದ್ದೆವು. ದೋಣಿ ವಾಲಿದ ಕಡೆಗೆ ಉರುಳದಂತೆ ಮಂಚದ ಅಂಚನ್ನು ಹಗ್ಗದಿಂದ ಎತ್ತಿ ಕಟ್ಟಬೇಕು, ದೋಣಿ ಮಗ್ಗುಲು ಬದಲಿಸಿದರೆ ಎದ್ದು ಮತ್ತೆ ಸರಿಪಡಿಸಬೇಕು.

ಉಪ್ಪುನೀರಲ್ಲಿ ನೆನೆದ ಬಟ್ಟೆ ಒಣಗುವುದೇ ಇಲ್ಲ. ಉಪ್ಪು ಗಾಳಿಯ ತೇವವನ್ನು ಮತ್ತೆ ಹೀರುತ್ತದೆ. ಹೊರಗಿನ ಚಳಿಗೆ ನಮ್ಮ ಉಸಿರೇ ಒಳಗೋಡೆಯ ಮೇಲೆ ನೀರಾಗಿ ಇಳಿಯುತ್ತದೆ. ಕುಡಿಯುವ ನೀರನ್ನು ಸಮುದ್ರದ ನೀರಿನಿಂದಲೇ ಯಂತ್ರ ಸೋಸಿ ಕೊಡುತ್ತಿದ್ದರೂ ಅದಕ್ಕೆ ಜನರೇಟರ್‌ನ ಡೀಸೆಲ್ ಖರ್ಚಾಗುವುದರಿಂದ ಬಟ್ಟೆ ಒಗೆಯುವ ಮಾತೇ ಇಲ್ಲ. ಒಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಮಲಗುವಾಗ ಮಾತ್ರ ತೆಗೆಯುತ್ತಿದ್ದೆ.

ಅಡುಗೆಯ ಸರದಿ ಬಂದ ದಿನ ಪಾಳಿಯಿಂದ ಬಿಡುಗಡೆ, ಆದರೆ ಅದೇ ಹೆಚ್ಚು ದಣಿಸುವ ಕೆಲಸವೆಂದು ನನ್ನ ಅಭಿಪ್ರಾಯ. ಒಲೆ ತೂಗುವ ಚೌಕಟ್ಟಿನಲ್ಲಿರುವುದರಿಂದ ದೋಣಿ ವಾಲಿದಾಗ ಪಾತ್ರೆ ನೇರವಾಗಿಯೇ ನಿಲ್ಲುತ್ತದೆ, ವಾಲುವುದು ಅಡುಗೆಯವನು. ಬಿಸಿನೀರು ಚೆಲ್ಲಿದರೆ ಸುಡದಿರಲೆಂದು ಒಳಗಿದ್ದರೂ ಮಳೆಪ್ಯಾಂಟು ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಲೋಟಕ್ಕೆ ಅರ್ಧ ಮಾತ್ರ ಚಹಾ ಹುಯ್ಯುತ್ತೇವೆ. ಕುಚ್ಚಲಕ್ಕಿ ಬೇಯುವಷ್ಟು ಗ್ಯಾಸ್ ಖರ್ಚು ಮಾಡುವಂತಿರಲಿಲ್ಲವಾದ್ದರಿಂದ ಬೆಳ್ತಿಗೆ ಅಕ್ಕಿಯ ಗಂಜಿ ಮಾಡಿ, ಊರಿನಿಂದ ಒಯ್ದ ಮಿಡಿ ಉಪ್ಪಿನಕಾಯಿಯ ಜೊತೆ ಬಡಿಸಿದೆ. ಕಡಲ ವಾಂತಿಯಿಂದ ಸೊರಗಿದ್ದವರಿಗೆ ಹಿಡಿಸಿದ್ದು ಅದೊಂದೇ.

ನೆರೆಮನೆಯ ತಾಂಡೇಲರು (ಮೀನುಗಾರಿಕೆ ಬೋಟಿನ ನಾಯಕರು), ಆಳಸಮುದ್ರದ ಬೋಟಿನಲ್ಲಿ ಹತ್ತು ದಿನ ಇರುವುದು ಅವರಿಗೆ ಹೊಸತಲ್ಲ, ಇದನ್ನೆಲ್ಲ ಕೇಳಿ, “ಮೀನೂ ಇಲ್ಲ, ಇಂಜಿನೂ ಹಾಕುವ ಹಾಗಿಲ್ಲ, ಮತ್ತೆ ಎಂತಕ್ಕೆ ಮಾರಾಯ?” ಎಂದರು. ಅವರಿಗೆ ಒಪ್ಪಿಗೆಯಾದದ್ದು ಒಂದೇ ಕಟ್ಟುನಿಟ್ಟು: ಮೇಲೆ ಬರುವ ಮೊದಲೇ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ದೋಣಿಗೆ ಸಿಕ್ಕಿಸಬೇಕು. ದೊಡ್ಡ ಬಲೂನ್ ಹಾಯಿ ಬಿಚ್ಚಿ ಗಾಳಿಯ ಜೊತೆ ಓಡುವಾಗ ಯಾರಾದರೂ ನೀರಿಗೆ ಬಿದ್ದರೆ, ಆ ಹಾಯಿ ಇಳಿಸಿ ದೋಣಿ ತಿರುಗಿಸುವಷ್ಟರಲ್ಲಿ ಬಿದ್ದವರು ಕಣ್ಣಿಗೆ ಕಾಣದಷ್ಟು ಹಿಂದೆ ಉಳಿದಿರುತ್ತಾರೆ. ಪಟ್ಟಿ ಸಿಕ್ಕಿಸದೆ ಓಡಾಡುವವರು ಎಷ್ಟೇ ನುರಿತವರಾಗಿರಲಿ, ಅಂಥವರಿಗೆ ನಮ್ಮ ಸ್ಕಿಪ್ಪರ್, ಅಂದರೆ ದೋಣಿಯ ನಾಯಕ, ರಾತ್ರಿ ಚುಕ್ಕಾಣಿ ಕೊಡುತ್ತಿರಲಿಲ್ಲ.