ಶಾಸಕರು ಸಂಸದರಾದಾಗ ಅವರ ಕೆಲಸದ ಕಡತ ಜೋಡಿಸುವ ಬಗೆ

ಮೂರ್ನಾಲ್ಕು ಅವಧಿ ವಿಧಾನಸಭೆಯಲ್ಲಿದ್ದು ದಿಲ್ಲಿಗೆ ಹೋದವರ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಬರೆದರೆ ಅರ್ಧ ತಪ್ಪಾಗುತ್ತದೆ. ಶಾಸಕರಾಗಿದ್ದಾಗಿನದು ಒಂದು ವಹಿ, ಸಂಸದರಾದ ಮೇಲಿನದು ಇನ್ನೊಂದು.

ಮೊದಲು ವರ್ಷಗಳನ್ನು ಹಾಕಿಕೊಳ್ಳಿ. ಉದಾಹರಣೆಗೆ, ಇ. ತುಕಾರಾಂ ಅವರು ಸಂಡೂರಿನಿಂದ ಗೆದ್ದದ್ದು 2008, 2013, 2018, 2023ರಲ್ಲಿ. ಬಳ್ಳಾರಿ ಸಂಸದರಾದದ್ದು 2024ರಲ್ಲಿ. ಶಾಸಕ ಸ್ಥಾನ ಬಿಟ್ಟ ದಿನಾಂಕವನ್ನೂ ಬರೆಯಿರಿ. ಗೆದ್ದ ಸುದ್ದಿ ಗೆಜೆಟ್‌ನಲ್ಲಿ ಬಂದ 14 ದಿನದೊಳಗೆ ರಾಜೀನಾಮೆ ಕೊಡದಿದ್ದರೆ ಕಳೆದುಹೋಗುವುದು ಸಂಸತ್ತಿನ ಸ್ಥಾನ, ಶಾಸಕ ಸ್ಥಾನವಲ್ಲ. ಇದನ್ನು ತಿರುಗಾಮುರುಗಾ ಹೇಳುವವರೇ ಹೆಚ್ಚು. ಸಂಡೂರಿನ ಉಪಚುನಾವಣೆ 2024ರ ನವೆಂಬರ್ 13ಕ್ಕೆ ನಡೆದು ಅವರ ಪತ್ನಿ ಇ. ಅನ್ನಪೂರ್ಣ ಗೆದ್ದರು. ಹಾಗಾಗಿ ಅಲ್ಲಿಂದಾಚೆಗಿನ ಸಂಡೂರಿನ ಶಾಸಕ ನಿಧಿ ಕಾಮಗಾರಿಗಳು ಅನ್ನಪೂರ್ಣ ಅವರ ಲೆಕ್ಕಕ್ಕೆ ಹೋಗಬೇಕು.

ಮುಂದೆ ನಕ್ಷೆ. ಎಡವುವುದು ಇಲ್ಲಿಯೇ. ಬಳ್ಳಾರಿ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಬಳ್ಳಾರಿ ನಗರ, ಗ್ರಾಮೀಣ, ಕಂಪ್ಲಿ, ಸಂಡೂರು ಮಾತ್ರ ಬಳ್ಳಾರಿ ಜಿಲ್ಲೆಯವು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ವಿಜಯನಗರ ಕ್ಷೇತ್ರಗಳು ಪಕ್ಕದ ವಿಜಯನಗರ ಜಿಲ್ಲೆಗೆ ಸೇರಿವೆ. ಸಿರುಗುಪ್ಪ ಬಳ್ಳಾರಿ ಜಿಲ್ಲೆಯದಾದರೂ ಮತ ಹಾಕುವುದು ಕೊಪ್ಪಳ ಸಂಸದರಿಗೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿಗಳೂ ಹಾಗೆಯೇ. ಸಿರುಗುಪ್ಪದ ರಸ್ತೆ ಕೆಟ್ಟಿದೆಯೆಂದು ಬಳ್ಳಾರಿ ಸಂಸದರನ್ನು ಬೈದು ಫಲವಿಲ್ಲ.

ಆಸ್ತಿಗೆ ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ ನೋಡಿ. ಸ್ಪರ್ಧಿಸಿದ ಪ್ರತಿ ಚುನಾವಣೆಗೂ ಒಂದೊಂದು ಇರುತ್ತದೆ. ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಓದಿ. ಒಟ್ಟು ಮೊತ್ತ ಏರಿತೆಂದು ಕೂಡಲೇ ತೀರ್ಪು ಕೊಡಬೇಡಿ. ಜಮೀನಿನ ಬೆಲೆಯನ್ನು ಆಯಾ ವರ್ಷದ ಮಾರುಕಟ್ಟೆ ದರದಲ್ಲಿ ಬರೆದಿರುತ್ತಾರೆ. ಸರ್ವೆ ನಂಬರು, ಎಕರೆ-ಗುಂಟೆ ಹೋಲಿಸಿದರೆ ಹೊಸದಾಗಿ ಕೊಂಡದ್ದೆಷ್ಟು, ಬೆಲೆ ಏರಿದ್ದೆಷ್ಟು ಬೇರೆಯಾಗುತ್ತದೆ. ಸಾಲದ ಕಾಲಂ ಬಿಡಬೇಡಿ.

ಪ್ರದೇಶಾಭಿವೃದ್ಧಿ ನಿಧಿಯ ವಿಚಾರದಲ್ಲಿ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ. ಮೊತ್ತ ಹೆಚ್ಚೆನಿಸಿದರೂ ಸಂಸದರದು ಎಂಟು ಕ್ಷೇತ್ರಕ್ಕೆ ಹಂಚುವ ಹಣ, ಕ್ಷೇತ್ರವೊಂದಕ್ಕೆ 62.5 ಲಕ್ಷ ಬಿದ್ದೀತು. ಅವರು ಶಿಫಾರಸು ಮಾಡಬಹುದಷ್ಟೆ, ಮಂಜೂರು ಮಾಡಿ ಕೆಲಸ ಮಾಡಿಸುವುದು ಜಿಲ್ಲಾಡಳಿತ. ಆದ್ದರಿಂದ ಶಿಫಾರಸು, ಮಂಜೂರು, ಬಿಡುಗಡೆ, ಪೂರ್ಣ ಎಂದು ನಾಲ್ಕು ಕಾಲಂ ಹಾಕಿ. ಕಾಮಗಾರಿ ಎಲ್ಲಿ ನಿಂತಿದೆಯೋ ಕಾಣುತ್ತದೆ. ಹಳೆಯ ಸಂಸದರ ಲೆಕ್ಕ ತೆಗೆಯುವಾಗ 2020-21ರಲ್ಲಿ ಸೊನ್ನೆ ಕಂಡರೆ ಗಾಬರಿ ಬೇಡ, ಕೊರೊನಾ ಕಾಲದಲ್ಲಿ ಈ ನಿಧಿಯನ್ನೇ ತಡೆಹಿಡಿದಿದ್ದರು.

ಸದನದ ಪ್ರಶ್ನೆಗಳನ್ನು ಎಣಿಸಿ ಅಂಕ ಕೊಡುವ ಚಾಳಿ ಬಿಡಿ. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವಂಥವು, ದಿನಕ್ಕೆ 20 ಮಾತ್ರ, ಅದೂ ಚೀಟಿ ಎತ್ತಿದಂತೆ. ಸಚಿವರಾಗಿದ್ದ ಅವಧಿಯಲ್ಲಿ ಪ್ರಶ್ನೆಯೇ ಇರುವುದಿಲ್ಲ, ಉತ್ತರ ಕೊಡುವವರೇ ಅವರು. ಸಂಖ್ಯೆ ಬಿಟ್ಟು ವಿಷಯ ಓದಿ: ರೈಲು, ಗಣಿ ಕಾಯ್ದೆ, ರಾಷ್ಟ್ರೀಯ ಹೆದ್ದಾರಿ ಕೇಂದ್ರದವು, ಊರ ಕುಡಿಯುವ ನೀರು, ತಾಲ್ಲೂಕು ಆಸ್ಪತ್ರೆಗಳನ್ನು ನಡೆಸುವುದು ರಾಜ್ಯ.

ಜಾಲತಾಣದಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಐದಾರು ವಿಷಯ ತುರುಕಿದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಕೂಡ್ಲಿಗಿಯ ಕಾಮಗಾರಿಗೆ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ ಒಂದು, ಕಂಪ್ಲಿಯದಕ್ಕೆ ಬಳ್ಳಾರಿಗೆ ಇನ್ನೊಂದು ಬರೆಯಿರಿ.